ಹೀರೋ ಯಾರು, ವಿಲನ್ ಯಾರು, ಯಾಕೆ: ಮಾಳಿಗೆ ಮೇಲೆ ಜಗಳವಿಲ್ಲದೆ ಕೇಳುವುದು ಹೇಗೆ

ಬಳ್ಳಾರಿಯಲ್ಲಿ ಮೇ ತಿಂಗಳು ಅಂದರೆ ಹಗಲೆಲ್ಲ ಬಾಗಿಲು ಹಾಕಿಕೊಂಡು ಫ್ಯಾನ್ ಕೆಳಗೆ ಬಿದ್ದಿರುವ ತಿಂಗಳು. ಸಂಜೆ ಏಳಾದ ಮೇಲೆ ಮಾಳಿಗೆಗೆ ನಾಲ್ಕು ಕೊಡ ನೀರು ಹೊಡೆದು, ಅದು ಬುಸ್ಸೆಂದು ಆವಿಯಾಡಿ, ನೆಲ ಕಾಲಿಗೆ ತಡೆದುಕೊಳ್ಳುವಷ್ಟಾದ ಮೇಲೆ ಚಾಪೆ ಹಾಸಿದರೆ ಆಗ ನಾವು ಮನುಷ್ಯರಾಗುತ್ತೇವೆ. ರಜೆಗೆ ಬಂದ ಅಕ್ಕ-ತಂಗಿಯರ ಮಕ್ಕಳು, ಪಕ್ಕದ ಮನೆಯವರು, ನನ್ನ ಒಂದಿಬ್ಬರು ಗೆಳೆಯರು, ಎಲ್ಲ ಸೇರಿ ಹತ್ತು-ಹನ್ನೆರಡು ಜನ ಆಗುತ್ತಾರೆ. ಕರೆಂಟ್ ಹೋದರೆ ಇನ್ನೂ ನಾಲ್ಕು ಜನ ಜಾಸ್ತಿ.

ಹೋದ ವರ್ಷದ ಹಿಂದಿನ ವರ್ಷ ನಾನೇ ಬುದ್ಧಿ ಇಲ್ಲದೆ ಒಂದು ಪ್ರಶ್ನೆ ಬಿಟ್ಟೆ: ಕಾಮಿಕ್ಸಿನ ಹಲ್ಕ್‌ಗೂ ಸೂಪರ್‌ಮ್ಯಾನ್‌ಗೂ ಜಗಳ ಬಿದ್ದರೆ ಯಾರು ಗೆಲ್ಲುತ್ತಾರೆ? ಹತ್ತು ನಿಮಿಷದಲ್ಲಿ ಚಪ್ಪಲಿ ಹಾರಿತು. ಚಿಕ್ಕವನೊಬ್ಬ ಊಟ ಬಿಟ್ಟು ಮಲಗಿದ. ‘ನಿಮ್ಮ ಮಾಮನಿಗೆ ವಯಸ್ಸಾದರೂ ಬುದ್ಧಿ ಬಂದಿಲ್ಲ’ ಅಂತ ಅವ್ವ ಎಲ್ಲರ ಮುಂದೆ ಬೈದಳು. ಆಮೇಲೆ ಎರಡು ಬೇಸಿಗೆ ಬೇರೆ ಬೇರೆ ರೀತಿ ಮಾಡಿ ನೋಡಿ, ಯಾರಿಗೆ ಯಾವ ಹೀರೋ, ಯಾವ ವಿಲನ್ ಇಷ್ಟ, ಯಾಕೆ ಅಂತ ಜಗಳವಿಲ್ಲದೆ ಕೇಳೋಕೆ ಈಗ ಒಂದು ವಿಧಾನ ಕೈಗೆ ಹತ್ತಿದೆ. ನಿಮ್ಮ ಮನೆಯಲ್ಲೂ ಕಾಮಿಕ್ಸ್ ಹುಚ್ಚಿನವರು ಇದ್ದರೆ ಮಾಡಿ ನೋಡಿ. ಖರ್ಚು ಅಂದರೆ ಒಂದಿಷ್ಟು ಚೀಟಿ, ಎರಡು ಡಬ್ಬಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ.

ಮೊದಲು ನಿಷೇಧ. ‘ಯಾರು ಗೆಲ್ತಾರೆ’ ಅನ್ನುವ ಮಾತೇ ಬರಬಾರದು. ಇದನ್ನು ಮಿರ್ಚಿ ಹಂಚುವ ಮುಂಚೆಯೇ ಹೇಳಿಬಿಡಿ, ಆಗ ಎಲ್ಲರೂ ಒಪ್ಪುತ್ತಾರೆ. ಕಾರಣ ಸರಳ. ಯಾರು ಗೆಲ್ಲುತ್ತಾರೆ ಅನ್ನುವುದು ಆ ಕಥೆ ಬರೆದವನ ಕೈಯಲ್ಲಿದೆ. ಸೂಪರ್‌ಮ್ಯಾನನ್ನೇ ತಗೊಳ್ಳಿ. 1938ರಲ್ಲಿ ಮೊದಲ ಸಲ ಬಂದಾಗ ಅವನಿಗೆ ಹಾರೋಕೆ ಬರುತ್ತಲೇ ಇರಲಿಲ್ಲ, ನೆಗೆಯುತ್ತಿದ್ದ ಅಷ್ಟೇ. ಒಂದು ನೆಗೆತಕ್ಕೆ ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್. ಇದನ್ನು ಹೇಳಿದ ಕೂಡಲೇ ನಮ್ಮ ಹುಡುಗರು ರಾಯಲ್ ಸರ್ಕಲ್‌ನಿಂದ ಕೋಟೆ ಗುಡ್ಡಕ್ಕೆ ಎಷ್ಟು ನೆಗೆತ ಬೇಕು ಅಂತ ಲೆಕ್ಕ ಹಾಕುತ್ತಾ ಕೂತರು. ‘ಥೂ, ಆಟೋನೇ ಬೆಸ್ಟು’ ಅಂದ ಒಬ್ಬ. ಅಲ್ಲಿಯವರೆಗೆ ಸೂಪರ್‌ಮ್ಯಾನ್ ಅಂದರೆ ಬೋರು ಅನ್ನುತ್ತಿದ್ದವರಿಗೆ ಅವನ ಮೇಲೆ ಸ್ವಲ್ಪ ಪ್ರೀತಿ ಬಂತು. ನೆಗೆದು ನೆಗೆದು ಹೋಗುವವನು ನಮ್ಮವನ ಹಾಗೆ ಕಾಣುತ್ತಾನೆ, ಅಲ್ವಾ.

ಎರಡನೆಯದು ಚೀಟಿ. ಬಾಯಲ್ಲಿ ಕೇಳಿದರೆ ಮೊದಲು ಮಾತಾಡಿದವನದೇ ನಡೆಯುತ್ತದೆ. ದೊಡ್ಡ ಹುಡುಗ ‘ಬ್ಯಾಟ್‌ಮ್ಯಾನ್’ ಅಂದರೆ ಉಳಿದ ಆರು ಜನಕ್ಕೂ ಬ್ಯಾಟ್‌ಮ್ಯಾನೇ ಇಷ್ಟವಾಗಿಬಿಡುತ್ತಾನೆ. ಅದಕ್ಕೆ ತಲಾ ಎರಡು ಚೀಟಿ ಕೊಡಿ, ಒಂದು ಹೀರೋಗೆ, ಒಂದು ವಿಲನ್‌ಗೆ. ಬರೆದವರ ಹೆಸರು ಬೇಡ. ಅಕ್ಷರ ನೋಡಿ ಯಾರದು ಅಂತ ಹೇಗೂ ಗೊತ್ತಾಗುತ್ತದೆ, ಆದರೂ ಗೊತ್ತಾಗದವರ ಹಾಗೆ ಇರಬೇಕು.

ಇನ್ನೊಂದು, ವಿಲನ್ ಡಬ್ಬಿ ಮೊದಲು ತೆರೆಯಿರಿ. ಇದು ನಾನು ತಡವಾಗಿ ಕಲಿತದ್ದು. ಹೀರೋ ಯಾರು ಅಂತ ಕೇಳಿದರೆ ಜನ, ಅದರಲ್ಲೂ ಅಪ್ಪ-ಅಮ್ಮ ಪಕ್ಕದಲ್ಲಿ ಕೂತಿದ್ದಾಗ, ಒಳ್ಳೆ ಹುಡುಗರ ಉತ್ತರ ಕೊಡುತ್ತಾರೆ. ಧೈರ್ಯ, ನ್ಯಾಯ, ಬಡವರಿಗೆ ಸಹಾಯ, ಭಾಷಣ ಸ್ಪರ್ಧೆಯಲ್ಲಿ ಹೇಳುವ ಮಾತುಗಳೆಲ್ಲ ಬರುತ್ತವೆ. ವಿಲನ್ ಕೇಳಿದರೆ ಯಾರೂ ಆ ಉತ್ತರ ರೆಡಿ ಮಾಡಿಕೊಂಡಿರುವುದಿಲ್ಲ. ಬಾಯಿಗೆ ಬಂದದ್ದು ಹೇಳುತ್ತಾರೆ, ಮತ್ತು ಅದು ನಿಜ ಇರುತ್ತದೆ.

ವಿಲನ್ ಇಷ್ಟ ಅಂದರೆ ಕೆಲವು ದೊಡ್ಡವರು ಮುಖ ಸಿಂಡರಿಸುತ್ತಾರೆ. ಅವರಿಗೆ ಬಯಲಾಟ ನೆನಪಿಸಿ. ನಮ್ಮ ಅಪ್ಪನ ಊರಲ್ಲಿ ಬಯಲಾಟ ಅಂದರೆ ಧರ್ಮರಾಯನ ಪಾತ್ರಕ್ಕೆ ಜನ ಹುಡುಕಬೇಕಾಗುತ್ತಿತ್ತು, ದುರ್ಯೋಧನನ ಪಾತ್ರಕ್ಕೆ ಮಾತ್ರ ಹಬ್ಬಕ್ಕೆ ತಿಂಗಳ ಮುಂಚೆಯೇ ಜಗಳ. ಕಿರೀಟ ಅವನದೇ ದೊಡ್ಡದು, ಭುಜಕೀರ್ತಿ ಅವನದೇ ಅಗಲ, ರಂಗಕ್ಕೆ ಬಂದು ಒಂದು ಸುತ್ತು ಕುಣಿದರೆ ಹಲಗೆ ಅದುರಬೇಕು. ಶಿಳ್ಳೆಯೂ ಅವನಿಗೇ. ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ತೊಗಲುಗೊಂಬೆ ಆಟಕ್ಕೆ. ತೊಗಲುಗೊಂಬೆಯ ರಾವಣನನ್ನು ಹತ್ತಿರದಿಂದ ನೋಡಿದ್ದೀರಾ? ಪರದೆ ಹಿಂದೆ ದೀಪ ಹಚ್ಚಿದಾಗ ಆ ಹತ್ತು ತಲೆಯ ತೂತುತೂತಿನ ಕೆಲಸದ ಮುಂದೆ ಉಳಿದ ಗೊಂಬೆಗಳೆಲ್ಲ ಬಡವಾಗಿ ಕಾಣುತ್ತವೆ. ರಾವಣನ ಗೊಂಬೆಯನ್ನು ಕಣ್ಣು ಬಿಟ್ಟು ನೋಡುವವರು ಮಗ ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್ ಇಷ್ಟ ಅಂದರೆ ಗಾಬರಿಯಾಗುವುದು ಯಾಕೋ.

ಇನ್ನು ಮುಖ್ಯ ಕೆಲಸ, ‘ಯಾಕೆ’ ಕೇಳುವುದು. ಇದನ್ನು ನೇರವಾಗಿ ಕೇಳಬೇಡಿ. ‘ಯಾಕೆ ಇಷ್ಟ?’ ಅಂದರೆ ‘ಸೂಪರ್ ಇದಾನೆ’ ಅನ್ನುತ್ತಾರೆ, ಮುಗಿಯಿತು. ಅದರ ಬದಲು ‘ಯಾವ ಪುಟದಲ್ಲಿ ಇಷ್ಟವಾದ?’ ಅಂತ ಕೇಳಿ. ಸಿನಿಮಾ ಮಾತ್ರ ನೋಡಿದವರಾದರೆ ‘ಯಾವ ಸೀನಲ್ಲಿ’ ಅನ್ನಿ. ಪುಟ ಅಂದ ಕೂಡಲೇ ಅವರ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ, ಚಿತ್ರ ಬಂದ ಮೇಲೆ ಕಾರಣ ತಾನೇ ಹಿಂದೆ ಬರುತ್ತದೆ.

ನಮ್ಮ ದೊಡ್ಡಕ್ಕನ ಎರಡನೇ ಮಗ, ಏಳನೇ ಕ್ಲಾಸು, ಸ್ಪೈಡರ್‌ಮ್ಯಾನ್ ಅಂತ ಬರೆದಿದ್ದ. ಸ್ಪೈಡರ್‌ಮ್ಯಾನ್ ಬಗ್ಗೆ ನಾನು ಮೊದಲು ಒಂದು ಕಥೆ ಹೇಳಿದೆ. 1962ರಲ್ಲಿ ಅವನು ಬಂದದ್ದು ಮುಚ್ಚಿಹೋಗುತ್ತಿದ್ದ ಒಂದು ಪತ್ರಿಕೆಯ ಕೊನೇ ಸಂಚಿಕೆಯಲ್ಲಿ. ಜೇಡ ಅಂದರೆ ಜನಕ್ಕೆ ಅಸಹ್ಯ, ಹದಿಹರೆಯದ ಹುಡುಗ ಹೀರೋ ಆಗೋಕಾಗಲ್ಲ ಅಂತ ಮಾಲೀಕನಿಗೆ ಮನಸ್ಸೇ ಇರಲಿಲ್ಲವಂತೆ. ಹೇಗೂ ಮುಚ್ಚುವ ಪತ್ರಿಕೆ, ಹಾಕಿದರೆ ಹೋಗುವುದೇನು ಅಂತ ಬಿಟ್ಟರು. ಹುಡುಗ ನಕ್ಕ. ಆಮೇಲೆ ಪುಟ ಕೇಳಿದೆ. ಕಟ್ಟಡದಿಂದ ಕಟ್ಟಡಕ್ಕೆ ಹಾರುವುದನ್ನು ಹೇಳುತ್ತಾನೆ ಅಂದುಕೊಂಡಿದ್ದೆ.

‘ಮಾಮ, ಕಳ್ಳ ಓಡಿಹೋಗ್ತಾನಲ್ಲ, ಇವನು ಸುಮ್ನೆ ನಿಂತ್ಕೊಂಡು ಬಿಟ್‌ಬಿಡ್ತಾನಲ್ಲ, ಅಲ್ಲಿ’ ಅಂದ.

ಅದೇ ಕಳ್ಳ ಮುಂದೆ ಅವನನ್ನು ಮಗನ ಹಾಗೆ ಸಾಕಿದ ಬೆನ್ ಅಂಕಲ್‌ನ ಕೊಲ್ಲುತ್ತಾನೆ, ಗೊತ್ತಲ್ಲ. ಹುಡುಗ ಚಾಪೆಯ ಅಂಚು ಕೀಳುತ್ತಾ ಸ್ವಲ್ಪ ಹೊತ್ತು ಕೂತು, ‘ನಮ್ ನಾಯಿಮರಿ ರೋಡಿಗೆ ಹೋದಾಗ ಗೇಟ್ ನಾನೇ ಹಾಕಿರ್ಲಿಲ್ಲ’ ಅಂದ. ಮನೆಯಲ್ಲಿ ಯಾರಿಗೂ ಗೊತ್ತಿರದ ವಿಷಯ. ಅವರಮ್ಮ ನನ್ನ ಮುಖ ನೋಡಿದಳು. ನಾನು ಮುಂದಿನ ಚೀಟಿ ತೆಗೆದೆ. ಇಂಥ ಮಾತು ಬಂದಾಗ ನೀವೂ ಮುಂದಿನ ಚೀಟಿ ತೆಗೆಯಿರಿ. ಸಮಾಧಾನ ಹೇಳೋಕೆ ಹೋಗಬೇಡಿ, ಬುದ್ಧಿವಾದವಂತೂ ಬೇಡವೇ ಬೇಡ. ಅವನಿಗೆ ಹೇಳಬೇಕಿತ್ತು, ಹೇಳಿದ. ಮಿರ್ಚಿ ತಟ್ಟೆ ಆ ಕಡೆ ಸರಿಸಿದರೆ ಸಾಕು.

ನಡೆಸುವವರಿಗೆ ಸ್ವಲ್ಪ ಸರಕು ಗೊತ್ತಿರಬೇಕು, ಇಲ್ಲವಾದರೆ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ನಾನು ಸಿಕ್ಕಿಹಾಕಿಕೊಂಡಿದ್ದು ಮಾರ್ವೆಲ್ ಕಥೆಗಳ ಖಳ ಥಾನೋಸ್ ವಿಷಯದಲ್ಲಿ. ಒಬ್ಬಳು ‘ಅವನು ಹೇಳೋದರಲ್ಲಿ ಒಂದು ನ್ಯಾಯ ಇದೆ’ ಅಂದಳು, ಇನ್ನೊಬ್ಬ ‘ಹುಚ್ಚ ಕಣೇ ಅವನು’ ಅಂದ. ಅರ್ಧ ಗಂಟೆ ಆದಮೇಲೆ ತಿಳಿಯಿತು, ಅವಳು ನೋಡಿದ್ದು 2018ರ ಸಿನಿಮಾ, ಅವನು ಓದಿದ್ದು 1991ರ ಕಾಮಿಕ್ಸ್. ಸಿನಿಮಾದ ಥಾನೋಸ್ ಜನ ಜಾಸ್ತಿ, ಇರುವುದು ಕಡಿಮೆ ಅಂತ ಬೆರಳು ಚಿಟಿಕೆ ಹೊಡೆದು ಅರ್ಧ ಜೀವಗಳನ್ನು ಅಳಿಸುತ್ತಾನೆ. ಕಾಮಿಕ್ಸಿನವನು ಅದೇ ಕೆಲಸ ಮಾಡುವುದು ಸಾವು ಅನ್ನುವ ಹೆಣ್ಣನ್ನು ಮೆಚ್ಚಿಸೋಕೆ. ಒಂದೇ ಹೆಸರು, ಒಂದೇ ಚಿಟಿಕೆ, ಕಾರಣ ಬೇರೆ. ಅದಕ್ಕೆ ಚೀಟಿಯಲ್ಲಿ ಹೆಸರಿನ ಪಕ್ಕ ಪುಸ್ತಕವೋ ಸಿನಿಮಾವೋ ಅಂತ ಬರೆಸಿಕೊಳ್ಳಿ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಲ್ಲಿ ಬೆಳೆದ ಹುಡುಗಿಗೆ ‘ಇರುವುದು ಕಡಿಮೆ’ ಅನ್ನುವ ಮಾತು ತಟ್ಟಿದ್ದರಲ್ಲಿ ನನಗೆ ಆಶ್ಚರ್ಯ ಕಾಣಲಿಲ್ಲ. ಹಾಗಂತ ಅರ್ಧ ಬೀದಿ ಖಾಲಿ ಮಾಡಬೇಕಾ ಅಂತ ಕೇಳಿದ್ದಕ್ಕೆ, ‘ಟ್ಯಾಂಕರ್ ಮುಂದೆ ಜಗಳ ಆಡೋ ಅರ್ಧ ಬೀದಿ ಮಾತ್ರ’ ಅಂದಳು.

ಲೋಹವನ್ನು ಆಯಸ್ಕಾಂತದ ಹಾಗೆ ಎಳೆಯುವ ಮ್ಯಾಗ್ನೆಟೋ ಬಂದರೆ ಇನ್ನೂ ಹುಷಾರಾಗಿರಿ. 1963ರಲ್ಲಿ ಅವನು ಶುರುವಾದಾಗ ಬರೀ ಜಗತ್ತು ಆಳಬೇಕು ಅನ್ನುವ ಮಾಮೂಲಿ ಖಳ. 1980ರ ದಶಕದಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಬರೆಯುವಾಗ ಅವನಿಗೆ ಒಂದು ಬಾಲ್ಯ ಕೊಟ್ಟರು, ಹಿಟ್ಲರನ ಕಾಲದಲ್ಲಿ ಆಶ್‌ವಿಟ್ಸ್ ಶಿಬಿರದಲ್ಲಿ ಮನೆಯವರನ್ನು ಕಳೆದುಕೊಂಡ ಹುಡುಗ ಅಂತ. ಅಲ್ಲಿಂದ ಅವನ ಸಿಟ್ಟಿಗೆ ಬೇರು ಸಿಕ್ಕಿತು. ಅವನನ್ನು ಇಷ್ಟಪಡುವವರು ಸಾಮಾನ್ಯವಾಗಿ ಅವನು ಮಾಡುವುದನ್ನು ಒಪ್ಪುವುದಿಲ್ಲ, ಅವನಿಗೆ ಯಾಕೆ ಸಿಟ್ಟು ಬಂತು ಅನ್ನುವುದನ್ನು ಒಪ್ಪುತ್ತಾರೆ. ಇವೆರಡನ್ನೂ ಬೇರೆ ಬೇರೆ ಕೇಳಿದರೆ ಮಾತು ಚೆನ್ನಾಗಿ ನಡೆಯುತ್ತದೆ, ಕಲಸಿ ಕೇಳಿದರೆ ಜಗಳ.

ಜೋಕರ್ ಚೀಟಿ ಪ್ರತಿ ಸಲ ಎರಡಾದರೂ ಬರುತ್ತದೆ. ಅವನು 1940ರಲ್ಲಿ ಮೊದಲು ಬಂದ ಸಂಚಿಕೆಯಲ್ಲೇ ಸಾಯಬೇಕಿತ್ತು. ಸಂಪಾದಕರು ಬೇಡ ಅಂದಿದ್ದಕ್ಕೆ ಕೊನೆಯಲ್ಲಿ ‘ಇನ್ನೂ ಬದುಕಿದ್ದಾನೆ’ ಅನ್ನುವ ಒಂದು ಚಿತ್ರ ಆತುರದಲ್ಲಿ ಸೇರಿಸಿದರು. ಆ ಒಂದು ಚೌಕದಿಂದ ಇಷ್ಟು ವರ್ಷ ಬದುಕಿಕೊಂಡು ಬಂದಿದ್ದಾನೆ. ಹದಿನಾರು-ಹದಿನೇಳರ ಹುಡುಗರು ಜೋಕರ್ ಅಂತ ಬರೆದರೆ ಅರ್ಧ ಜನ ಸ್ಟೇಟಸ್‌ಗೆ ಹಾಕಿಕೊಂಡ ಫೋಟೋ ನೋಡಿ ಬರೆದಿರುತ್ತಾರೆ ಅಂತ ನನ್ನ ಅನುಮಾನ. ಪುಟ ಕೇಳಿ, ಹೇಳಿದರೆ ಸರಿ. ಹೇಳದಿದ್ದರೆ ಸುಮ್ನೆ ಡಬ್ಬಿಗೆ ವಾಪಸ್ ಹಾಕಿ, ಮಾನ ತೆಗೆಯಬೇಡಿ.

ಬ್ಯಾಟ್‌ಮ್ಯಾನ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಗೊತ್ತು. 1939ರವನು, ಅಪ್ಪ-ಅಮ್ಮನನ್ನು ಕಣ್ಣೆದುರೇ ಕಳೆದುಕೊಂಡವನು. ಶಕ್ತಿ ಏನೂ ಇಲ್ಲ, ಅಭ್ಯಾಸ ಮಾಡಿ ಮಾಡಿ ಆದವನು, ಅದಕ್ಕೆ ಇಷ್ಟ ಅನ್ನುತ್ತಾರೆ. ಪಿಯುಸಿ ಓದುವ ಒಬ್ಬ ಮಾತ್ರ ‘ಅವನ ಪವರ್ ದುಡ್ಡು ಮಾಮ, ಅದನ್ನ ಯಾಕೆ ಯಾರೂ ಹೇಳಲ್ಲ?’ ಅಂದ. ಕೋಚಿಂಗ್ ಫೀಸಿನ ಕಾಲ, ಹೇಳಲಿ ಬಿಡಿ.

ಹುಡುಗಿಯರ ಚೀಟಿಗೆ ಒಂದು ಮಾತು. ಅವರೆಲ್ಲ ವಂಡರ್ ವುಮನ್ ಅಂತಲೇ ಬರೆಯುತ್ತಾರೆ ಅಂದುಕೊಂಡು ಕೂರಬೇಡಿ, ನಾನು ಕೂತಿದ್ದೆ. ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನವಳು ಕಮಲಾ ಖಾನ್ ಅಂತ ಬರೆದಿದ್ದಳು. ನಾನು ಕೇಳಿರಲೇ ಇಲ್ಲ, ಅವಳೇ ಹೇಳಿದಳು. ಅಮೆರಿಕದ ಜರ್ಸಿ ಸಿಟಿಯಲ್ಲಿ ಇರುವ ಪಾಕಿಸ್ತಾನಿ ಮನೆತನದ ಹುಡುಗಿ, 2014ರಿಂದ ಮಿಸ್ ಮಾರ್ವೆಲ್ ಹೆಸರಲ್ಲಿ ಅವಳದೇ ಪುಸ್ತಕ. ಮೊದಲ ಸಲ ಶಕ್ತಿ ಬಂದಾಗ ಅವಳು ತಾನು ಮೆಚ್ಚಿಕೊಂಡಿದ್ದ ಹಳದಿ ಕೂದಲಿನ ಹೀರೋಯಿನ್ ಥರ ಆಗಿಬಿಡುತ್ತಾಳೆ. ಆಮೇಲೆ ನೋಡಿದರೆ ಆ ಬಟ್ಟೆ ಕಚ್ಚುತ್ತದೆ, ಆ ಬೂಟು ಸರಿಹೋಗಲ್ಲ. ‘ಅಲ್ಲೇ ಇಷ್ಟ ಆಗಿದ್ದು ಅಂಕಲ್, ನಮ್ಮ ಕಸಿನ್ ಮದುವೆಗೆ ನಾನು ಹೈ ಹೀಲ್ಸ್ ಹಾಕ್ಕೊಂಡಿದ್ದೆ’ ಅಂತ ಕಾಲು ಚಾಚಿ ಹಿಮ್ಮಡಿ ತೋರಿಸಿದಳು. ಚರ್ಮ ಸುಲಿದ ಗುರುತು ಇನ್ನೂ ಇತ್ತು.

ನಮ್ಮ ದೇಶದ ಹೀರೋಗಳ ಕಡೆಗೂ ಒಂದು ಸುತ್ತು ಬನ್ನಿ, ಇಲ್ಲವಾದರೆ ಮೂವತ್ತು ದಾಟಿದವರು ಬಾಯಿ ಬಿಡಲ್ಲ. ನಮ್ಮ ಕಿರಿಯ ಭಾವ ಇಡೀ ಸಂಜೆ ಮೊಬೈಲ್ ನೋಡುತ್ತಾ ಕೂತವನು, ಬಾಲಮಂಗಳದ ಡಿಂಗನ ಹೆಸರು ಕಿವಿಗೆ ಬಿದ್ದ ಕೂಡಲೇ ಎದ್ದು ಕೂತ. ಕಾಡಿನ ಇಲಿ, ಎದೆ ಉಬ್ಬಿಸಿ ಹಾರಿಕೊಂಡು ಬಂದು ಪ್ರಾಣಿಗಳನ್ನು ಕಾಪಾಡುವವನು. ‘ಲೇ, ಇಲಿ ಹೀರೋ ಆಗಿದ್ದು ನಿಮ್ ಕಾಲದಾಗ ಐತೇನ್ರಲೇ’ ಅಂತ ಹುಡುಗರಿಗೆ ಸವಾಲು ಹಾಕಿದ. ಪ್ರಾಣ್ ಅವರ ಚಾಚಾ ಚೌಧರಿಗೂ ಒಂದು ಚೀಟಿ ಬಿತ್ತು. ಕೆಂಪು ಪಗಡಿ, ಬಿಳಿ ಮೀಸೆ, ಕಂಪ್ಯೂಟರಿಗಿಂತ ಜೋರಾಗಿ ಓಡುವ ತಲೆ, ಹೊಡೆದಾಟಕ್ಕೆ ಮಾತ್ರ ಗುರು ಗ್ರಹದಿಂದ ಬಂದ ಸಾಬು. 2004ರಲ್ಲಿ ಬಂದ ಇಂಡಿಯಾದ ಸ್ಪೈಡರ್‌ಮ್ಯಾನ್, ಧೋತಿ ಉಟ್ಟ ಮುಂಬೈನ ಪವಿತ್ರ್ ಪ್ರಭಾಕರ್, ಅವನಿಗೆ ಯಾರೂ ಬರೆಯಲಿಲ್ಲ. ಧೋತಿಯಲ್ಲಿ ಗೋಡೆ ಹತ್ತುವುದು ಹೇಗೆ ಅನ್ನುವ ಚರ್ಚೆ ಮಾತ್ರ ಬಹಳ ಹೊತ್ತು ನಡೆಯಿತು, ಅದನ್ನು ಇಲ್ಲಿ ಬರೆಯೋಕಾಗಲ್ಲ.

ನಡೆಸುವವರು ತಮ್ಮ ಚೀಟಿಯನ್ನೂ ಹಾಕಬೇಕು. ಬರೀ ಕೇಳುತ್ತಾ ಕೂತರೆ ಪರೀಕ್ಷೆ ಮಾಡಿದ ಹಾಗಾಗುತ್ತದೆ. ನನ್ನದು ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಶುರು ಮಾಡಿದ ಪಾತ್ರ, ನಮ್ಮಲ್ಲಿಗೆ 1964ರಿಂದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಬಂತು. ಕನ್ನಡದಲ್ಲೂ ಬರುತ್ತಿತ್ತು, 1990ಕ್ಕೆ ನಿಂತುಹೋಯಿತು. ಫ್ಯಾಂಟಮ್‌ಗೆ ಯಾವ ಮಾಯಾಶಕ್ತಿಯೂ ಇಲ್ಲ. ಅಪ್ಪ ಸತ್ತರೆ ಮಗ ಅದೇ ಬಟ್ಟೆ ಹಾಕಿಕೊಳ್ಳುತ್ತಾನೆ, ಹೀಗೆ ಇಪ್ಪತ್ತೊಂದು ತಲೆಮಾರು. ಕಾಡಿನ ಜನಕ್ಕೆ ಮಾತ್ರ ಒಬ್ಬನೇ, ಸಾವಿಲ್ಲದವನು. ಮೂಲದಲ್ಲಿ ಅವನಿರುವ ದೇಶ ಬಂಗಾಲಾ, ಇಂದ್ರಜಾಲದವರು ಅದನ್ನು ಡೆಂಕಾಲಿ ಅಂತ ಮಾಡಿದ್ದರು. ನಾನು ಬಹಳ ವರ್ಷ ಡೆಂಕಾಲಿ ಅಂದರೆ ಡೆಂಕಣಿಕೋಟೆ ಕಡೆ ಎಲ್ಲೋ ಇರಬೇಕು ಅಂದುಕೊಂಡಿದ್ದೆ.

ನನ್ನನ್ನೂ ಪುಟ ಕೇಳಿದರು. ಹೇಳುವುದು ಕಷ್ಟವಾಯಿತು, ಯಾಕೆಂದರೆ ನನ್ನ ಪುಟ ಇರಲೇ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಯಲ್ಲಿ ದಿನಕ್ಕೆ ನಾಲ್ಕಾಣೆ ಬಾಡಿಗೆಗೆ ಕಾಮಿಕ್ಸ್ ಕೊಡುತ್ತಿದ್ದರು. ನಾನು ತಂದ ಫ್ಯಾಂಟಮ್‌ಗೆ ಕೊನೇ ನಾಲ್ಕು ಪುಟ ಹರಿದಿತ್ತು. ಗುಹೆಯ ಬಾಗಿಲಲ್ಲಿ ಅವನು ನಿಂತಿದ್ದಾನೆ, ಒಳಗೆ ಯಾರೋ ಇದ್ದಾರೆ, ಅಷ್ಟಕ್ಕೇ ಮುಗಿಯಿತು. ಅಂಗಡಿಯವನನ್ನು ಕೇಳಿದರೆ ನೀನೇ ಹರಿದಿದ್ದೀಯ ಅಂತ ಎಂಟಾಣೆ ದಂಡ ಹಾಕಿದ. ಆ ರಾತ್ರಿ ಇದೇ ಮಾಳಿಗೆ ಮೇಲೆ ಮಲಗಿ ಅಣ್ಣನೂ ನಾನೂ ಒಳಗಿದ್ದವನು ಯಾರು ಅಂತ ಹೇಳಿಕೊಂಡೆವು. ಅವನು ಒಂದು ಹೇಳಿದ, ನಾನು ಒಂದು ಹೇಳಿದೆ, ನಿದ್ದೆ ಬರುವವರೆಗೆ ಬದಲಾಯಿಸಿದೆವು. ಆ ಕಥೆಯ ಪೂರ್ತಿ ಪ್ರತಿ ಇವತ್ತಿಗೂ ನಾನು ಹುಡುಕಿಲ್ಲ. ಹುಡುಕಲೂ ಬಾರದು ಅಂದುಕೊಂಡಿದ್ದೇನೆ, ಅಣ್ಣ ಹೇಳಿದ್ದೇ ಇರಲಿ.

ಕೊನೆಗೆ ಒಂದು ತೊಡಕು, ಯಾವ ಡಬ್ಬಿಗೂ ಸೇರದ ಚೀಟಿ. ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಸುವ ನನ್ನ ಗೆಳೆಯ ಒಬ್ಬನಿದ್ದಾನೆ, ಹನ್ನೆರಡು ಮಷಿನ್ನಿನ ಯೂನಿಟ್. ಇಬ್ಬರು ಹುಡುಗರು ಸೂಪರ್‌ಮ್ಯಾನನ್ನು ಹುಟ್ಟಿಸಿ ಅದರ ಹಕ್ಕನ್ನು 130 ಡಾಲರಿಗೆ ಕೊಟ್ಟುಬಿಟ್ಟರು ಅಂತ ನಾನು ಹೇಳಿದಾಗ, ‘ಪೀಸ್ ಲೆಕ್ಕದಾಗ ಕೊಟ್ಟು ಕೈ ತೊಳ್ಕೊಂಡ್ರಲ್ಲೋ ಮಾರಾಯ’ ಅಂತ ನಿಜಕ್ಕೂ ಮರುಗಿದವನು ಅವನೊಬ್ಬನೇ. ಅವನು ಎರಡು ಚೀಟಿಯಲ್ಲೂ ಒಂದೇ ಹೆಸರು ಬರೆದಿದ್ದ: ಜೆ. ಜೋನಾ ಜೇಮ್ಸನ್. ಸ್ಪೈಡರ್‌ಮ್ಯಾನ್ ಮೇಲೆ ದಿನಾ ಕೆಂಡ ಕಾರುತ್ತಾ, ಅವನೇ ಇವನು ಅಂತ ಗೊತ್ತಿಲ್ಲದೆ ಆ ಹುಡುಗನಿಂದಲೇ ಫೋಟೋ ಕೊಳ್ಳುವ ಪೇಪರ್ ಯಜಮಾನ, ಸಿಗಾರ್, ಚದರ ಮೀಸೆ. ಹುಡುಗರು ಗಲಾಟೆ ಎಬ್ಬಿಸಿದರು, ಅವನು ವಿಲನ್ನೂ ಅಲ್ಲ, ಹೀರೋ ಅಂತೂ ಮೊದಲೇ ಅಲ್ಲ ಅಂತ.

‘ಯಾವ ಪುಟ?’ ಅಂದೆ.

‘ಫೋಟೋ ತಗೊಂಡು ದುಡ್ಡು ಕೊಡ್ತಾನಲ್ಲ, ಆ ಪುಟ. ಬೈಕೊಂತ ಕೊಡ್ತಾನ, ಚೌಕಾಸಿ ಮಾಡ್ತಾನ, ಆದ್ರ ಕೊಡ್ತಾನ. ಆ ಹುಡುಗನ ಮನಿ ಬಾಡಿಗಿ ಯಾರ ದುಡ್ಡಿನಾಗ ಹೋಗ್ತೈತಿ ಅಂತ ಮಾಡೀರಿ?’

ಅವನ ಯೂನಿಟ್ಟಿನಲ್ಲಿ ಶನಿವಾರ ಬಟವಾಡೆ. ಅವತ್ತು ಶುಕ್ರವಾರ. ಚೀಟಿಯನ್ನು ಯಾವ ಡಬ್ಬಿಗೆ ಹಾಕಬೇಕು ಅಂತ ರಾತ್ರಿ ಹನ್ನೊಂದರವರೆಗೆ ವಾದ ನಡೆದು, ಕರೆಂಟ್ ಬಂದು, ಎಲ್ಲರೂ ಕೆಳಗಿಳಿದರು. ಈಗ ಅದು ನಮ್ಮ ಫ್ರಿಜ್ ಮೇಲೆ ಉಪ್ಪಿನಕಾಯಿ ಭರಣಿಯ ಕೆಳಗಿದೆ. ಮುಂದಿನ ಮೇ ತಿಂಗಳು ಅಲ್ಲಿಂದಲೇ ಶುರು ಮಾಡಬೇಕು.